ಮಹಡಿ ಮೇಲಿನ ಬೋಯಿಂಗ್

ನನ್ನ ಹತ್ತಿರ ಒಂದು ಬೋಯಿಂಗ್ 737 ಇದೆ ಎಂದರೆ ಅರಿಶಿನಕುಂಟೆಯಲ್ಲಿ ಯಾರೂ ಬೆರಗಾಗುವುದಿಲ್ಲ. ನಿಲ್ಲಿಸೋಕೆ ಜಾಗ ಎಲ್ಲಿದೆ ಎಂದು ಕೇಳುತ್ತಾರೆ, ಅಷ್ಟೆ. ತುಮಕೂರು ರಸ್ತೆಯ ಪಕ್ಕದ ಊರಲ್ಲಿ ಯಾವ ಮಾತು ಎತ್ತಿದರೂ ಅದು ಸೈಟಿನ ಮಾತಿಗೇ ಬಂದು ನಿಲ್ಲುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಮೂವತ್ತು-ನಲವತ್ತರ ಸೈಟು. 737-800 ವಿಮಾನದ ಉದ್ದ 39.5 ಮೀಟರ್, ಅಂದರೆ ಸುಮಾರು 130 ಅಡಿ. ಹೋಗಲಿ, ಬಾಲ ಒಂದನ್ನಾದರೂ ಇಟ್ಟುಕೊಳ್ಳೋಣವೆಂದರೆ ಅದರ ತುದಿ ನೆಲದಿಂದ 41 ಅಡಿ ಮೇಲಿದೆ. ಉದ್ದಕ್ಕೆ ಮಲಗಿಸಿದರೂ ಒಂದಡಿ ಪಕ್ಕದವರ ಕಾಂಪೌಂಡಿನೊಳಗೆ ಹೋಗುತ್ತದೆ, ಆಮೇಲೆ ಸರ್ವೆ, ಪಂಚಾಯ್ತಿ, ಕೋರ್ಟು. ಅದಕ್ಕೇ ನನ್ನ ವಿಮಾನವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರು ಮಹಡಿ ಮೇಲಿನ ರೂಮಿನಲ್ಲಿದೆ. ಅದೇ ರೂಮಿನಲ್ಲಿ ಎರಡು ರಾಗಿ ಮೂಟೆ, ಕೆಟ್ಟುಹೋದ ಒಂದು ಮಿಕ್ಸಿ ಮತ್ತು ಗಣೇಶನ ಹಬ್ಬದ ಸೀರಿಯಲ್ ಸೆಟ್ಟು ಕೂಡ ಇವೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಗಲೆಲ್ಲ ಲೆಕ್ಕ ಬರೆಯುವವನಿಗೆ ರಾತ್ರಿ ಕ್ಯಾಪ್ಟನ್ ಆಗುವ ಹುಚ್ಚು ಯಾಕೆ ಹತ್ತಿತೆಂದು ಕೇಳಬೇಡಿ. ಈ ಹುಚ್ಚಿಗೆ ದೊಡ್ಡ ವಂಶಾವಳಿಯೇ ಇದೆ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ನೆಲದ ಮೇಲೆ ನಿಂತೇ ಹಾರಾಟ ಕಲಿಸುವ ಪೆಟ್ಟಿಗೆಯೊಂದನ್ನು ಮಾಡಿದ. ಆತನ ಮನೆಯವರು ಆರ್ಗನ್ ತಯಾರಿಸುವವರು. ಆರ್ಗನ್ನಿನ ತಿದಿಗಳನ್ನೇ ಕೆಳಗೆ ಕೂರಿಸಿ ಪೆಟ್ಟಿಗೆ ಓಲಾಡುವಂತೆ ಮಾಡಿದ್ದ. ಎರಡನೇ ಮಹಾಯುದ್ಧದ ಸಾವಿರಾರು ಪೈಲಟ್‌ಗಳು ಅದರಲ್ಲಿ ಕೂತು ಕಲಿತರು. ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ 1982ರಲ್ಲಿ ಬಂದು, ಪೆಟ್ಟಿಗೆ ಹೋಗಿ ಪರದೆಯಾಯಿತು. 2020ರಲ್ಲಿ ಬಂದ ಆವೃತ್ತಿಯಲ್ಲಂತೂ ಇಡೀ ಭೂಮಂಡಲವೇ ಇದೆ. ಶಿವಗಂಗೆ ಬೆಟ್ಟವೂ ಇದೆ, ತುಮಕೂರು ರಸ್ತೆಯೂ ಇದೆ. ಹೀಗೆ ತಿದಿಯಲ್ಲಿ ಶುರುವಾದ ವಿದ್ಯೆ ಅರಿಶಿನಕುಂಟೆಯ ರಾಗಿ ಮೂಟೆಗಳ ನಡುವೆ ಬಂದು ನಿಂತಿತು. ನಿಂತಿತು ಎಂದೇ ಬರೆಯಬೇಕು. ಹಾರಲಿಲ್ಲ.

ಹಾರಬೇಕಾದರೆ ಎಂಜಿನ್ ಸ್ಟಾರ್ಟ್ ಆಗಬೇಕಲ್ಲ. ಬೇಕಾದರೆ ಎಂಜಿನ್ ಓಡುತ್ತಿರುವ ವಿಮಾನವನ್ನೇ ರನ್‌ವೇ ಮೇಲೆ ತಂದು ನಿಲ್ಲಿಸುವ ಸೌಕರ್ಯ ಆಟದಲ್ಲಿದೆ. ಎಂಟು ವರ್ಷದ ಹುಡುಗರು ಹಾಗೆಯೇ ಆಡುತ್ತಾರೆ. ನಾನು ಹುಡುಗನೇ? ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಒಂದು ದೀಪವೂ ಉರಿಯದ, ಈ ಕಸುಬಿನವರು ‘ಕೋಲ್ಡ್ ಆಂಡ್ ಡಾರ್ಕ್’ ಎನ್ನುವ ಸ್ಥಿತಿಯಲ್ಲಿ ವಿಮಾನವನ್ನು ನಿಲ್ಲಿಸಿಕೊಂಡು, ಕತ್ತಲಲ್ಲಿ ಕ್ಯಾಪ್ಟನ್ ಸೀಟಿನಲ್ಲಿ ಕೂತೆ. ಸೀಟೆಂದರೆ ಅತ್ತೆಯವರ ಮಂಡಿನೋವಿಗೆಂದು ತಂದಿದ್ದ ಪ್ಲಾಸ್ಟಿಕ್ ಕುರ್ಚಿ.

ಮೊದಲ ಸ್ವಿಚ್ಚು ಬ್ಯಾಟರಿಯದು. ಒತ್ತಿದೆ, ದೀಪಗಳು ಬಂದವು. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಕೆಳಗಿಳಿದು ಕಾಫಿ ಕುಡಿದು, ಸ್ಟಾರ್ಟ್ ಮಾಡುವ ವಿಧಾನದ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತೆ. ತಲೆ ಎತ್ತಿದರೆ ವಿಮಾನ ಮತ್ತೆ ಕತ್ತಲು. ನಿಜವಾದ 737ರ ಮುಖ್ಯ ಬ್ಯಾಟರಿಗೇ ಪೂರ್ತಿ ಚಾರ್ಜ್ ಇದ್ದರೂ ಅರ್ಧ ಗಂಟೆಯ ಹೊಣೆ ಮಾತ್ರ. ಸಿಮ್ಯುಲೇಟರ್ ಮಾಡಿದವರು ಪ್ರಾಮಾಣಿಕರು, ಅದನ್ನೂ ಹಾಗೇ ಮಾಡಿಟ್ಟಿದ್ದಾರೆ. ಪುಸ್ತಕದ ಪೀಠಿಕೆ ಮುಗಿಯುವಷ್ಟರಲ್ಲಿ ನನ್ನ ಬ್ಯಾಟರಿ ತೀರಿಕೊಂಡಿತ್ತು.

ಬ್ಯಾಟರಿ ಬದುಕಿರುವಾಗಲೇ ಎಪಿಯು ಎಬ್ಬಿಸಬೇಕಂತೆ. ಇದು ಬಾಲದೊಳಗೆ ಅಡಗಿಸಿಟ್ಟ ಪುಟ್ಟ ಜೆಟ್ ಎಂಜಿನ್. ನೆಲದ ಮೇಲಿರುವಾಗ ವಿಮಾನಕ್ಕೆ ಕರೆಂಟನ್ನೂ ಒತ್ತಡದ ಗಾಳಿಯನ್ನೂ ಒದಗಿಸುತ್ತದೆ. ಎಬ್ಬಿಸಿದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫಲಕದಲ್ಲಿ ಚಂದದ ಒಂದು ನೀಲಿ ದೀಪ ಹೊತ್ತಿತು. ಕೆಂಪಾದರೆ ಅಪಾಯ, ಹಳದಿಯಾದರೆ ಎಚ್ಚರ, ನೀಲಿ ಎಂದರೆ ಎಲ್ಲ ಕುಶಲವಿರಬೇಕೆಂದು ಸಮಾಧಾನದಿಂದ ಕೂತೆ. ಆ ನೀಲಿ ದೀಪ ಹೇಳುತ್ತಿದ್ದುದು ಬೇರೆ: ‘ಎಪಿಯು ಜನರೇಟರ್ ತಯಾರಾಗಿದೆ, ಯಾರೂ ಅದರ ಕರೆಂಟು ತೆಗೆದುಕೊಳ್ಳುತ್ತಿಲ್ಲ’. ಕೆಳಗಿನ ಎರಡು ಸ್ವಿಚ್ಚು ಒತ್ತಿ ಕರೆಂಟು ವಿಮಾನಕ್ಕೆ ಬರುವಂತೆ ಮಾಡಬೇಕಿತ್ತು. ನಾನು ದೀಪದ ಅಂದ ನೋಡುತ್ತಾ ಕೂತಿದ್ದಾಗ ಬ್ಯಾಟರಿ ಇನ್ನೊಮ್ಮೆ ತೀರಿಕೊಂಡಿತು.

“ಏನ್ರೀ, ಇನ್ನೂ ಹಾರ್ಲಿಲ್ವಾ?” ಎಂದು ಕೆಳಗಿನಿಂದ ಮನೆಯವಳ ದನಿ ಬಂತು.

“ಪ್ರಯಾಣಿಕರು ಬರ್ತಿದ್ದಾರೆ” ಎಂದೆ.

“ಬಂದವ್ರಿಗೆ ರಾಗಿ ಮೂಟೆ ಕೆಳಗಿಳಿಸೋಕೆ ಹೇಳಿ.”

ಇನ್ನು ಎಂಜಿನ್ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಬೆಪ್ಪುತನದ ಬಹುಪಾಲು ನಡೆದದ್ದು ಇಲ್ಲೇ. ಹಂಡೆ ಒಲೆಗೆ ಬೆಂಕಿ ಹಚ್ಚಿದವರಿಗೆ ಜೆಟ್ ಎಂಜಿನ್ ಬೇಗ ಅರ್ಥವಾಗುತ್ತದೆ: ಊದುಗೊಳವೆ ಸರಿಯಿಲ್ಲದೆ ಎಣ್ಣೆ ಸುರಿದರೆ ಸಿಗುವುದು ಹೊಗೆಯೇ. ಎಪಿಯುವಿನ ಗಾಳಿ ಕೊಳವೆಗಳ ಮೂಲಕ ಬಂದು ಎಂಜಿನ್ನಿನ ಸ್ಟಾರ್ಟರನ್ನು ತಿರುಗಿಸುತ್ತದೆ, ಸ್ಟಾರ್ಟರು ಎಂಜಿನ್ನಿನ ಒಳಗಿನ ಚಕ್ರಗಳನ್ನು ತಿರುಗಿಸುತ್ತದೆ. ಆ ವೇಗವನ್ನು ‘ಎನ್2’ ಎಂಬ ಮೀಟರು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅದು 25 ಮುಟ್ಟಿದಾಗ ಎಣ್ಣೆಯ ಲಿವರನ್ನು ಮೇಲಕ್ಕೆತ್ತಬೇಕು. ಬೆಂಕಿ ಹಿಡಿಯುತ್ತದೆ, ಹಿಂದುಗಡೆಯ ಶಾಖ ಏರುತ್ತದೆ, ಎನ್2 56 ಮುಟ್ಟಿದಾಗ ಸ್ಟಾರ್ಟರು ತನ್ನ ಕೆಲಸ ಮುಗಿಯಿತೆಂದು ಬಿಟ್ಟುಕೊಡುತ್ತದೆ. ಅಲ್ಲಿಂದ ಮುಂದೆ ಎಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಲೆಕ್ಕದವನಿಗೆ ಇಷ್ಟು ಅಂಕಿಗಳು ಸಿಕ್ಕರೆ ಸಾಕು, ಬಾಯಿಪಾಠ ಮಾಡಿಬಿಟ್ಟೆ.

ಸ್ವಿಚ್ಚು ತಿರುಗಿಸಿದೆ. ಎನ್2 ಎದ್ದಿತು. ಐದು, ಎಂಟು, ಹನ್ನೊಂದು. ಅಲ್ಲೇ ನಿಂತಿತು. ಬೇಡಿಕೊಂಡೆ, ಹದಿಮೂರಕ್ಕೆ ಹೋಯಿತು. ಬೈದೆ, ಹನ್ನೆರಡಕ್ಕೆ ಬಂತು.

ಕಾರಣ ನನ್ನ ಸುಖಜೀವನ. ಕಾಕ್‌ಪಿಟ್ಟಿಗೆ ಬಂದ ಕೂಡಲೇ ‘ಪ್ಯಾಕ್’ ಎಂಬ ಎರಡು ಸ್ವಿಚ್ಚು ಹಾಕಿದ್ದೆ. ಪ್ಯಾಕ್ ಎಂದರೆ ವಿಮಾನದ ಏಸಿ. ರೂಮಿನ ಮೇಲೆ ಶೀಟಿನ ಛಾವಣಿ. ಏಪ್ರಿಲ್ ತಿಂಗಳಲ್ಲಿ ಪರದೆಯ ಮೇಲಿನ ಏಸಿಯಾದರೂ ಓಡಲಿ ಎಂಬ ಆಸೆ. ಏಸಿ ಓಡುವುದೂ ಎಪಿಯುವಿನ ಅದೇ ಗಾಳಿಯಿಂದ. ಎಂಜಿನ್ ತಿರುಗಿಸಬೇಕಾದ ಗಾಳಿಯೆಲ್ಲ ಇಲ್ಲದ ಪ್ರಯಾಣಿಕರನ್ನು ತಂಪು ಮಾಡಲು ಹೋಗುತ್ತಿತ್ತು. ಫಲಕದಲ್ಲಿ ಡಕ್ಟಿನ ಒತ್ತಡ ತೋರಿಸುವ ಎರಡು ಮುಳ್ಳುಗಳಿವೆ. ಎಂಜಿನ್ ಎಬ್ಬಿಸುವ ಮುಂಚೆ ಅವು ಎಲ್ಲಿವೆ ಎಂದು ನೋಡಬೇಕು. ನನ್ನವು ಮಲಗಿದ್ದವು. ಇನ್ನೂ ಒಂದು ಗಮ್ಮತ್ತಿದೆ. ಎಪಿಯುವಿನ ಗಾಳಿ ಮೊದಲು ಬರುವುದು ಎಡಗಡೆಯ ಕೊಳವೆಗೆ. ಬಲಗಡೆಗೆ ಹೋಗಬೇಕಾದರೆ ನಡುವಿನ ಒಂದು ವಾಲ್ವು ತೆರೆಯಬೇಕು. ಪ್ಯಾಕ್‌ಗಳೆಲ್ಲ ಓಡುತ್ತಿದ್ದರೆ ಆ ವಾಲ್ವು ತಾನಾಗಿಯೇ ಮುಚ್ಚಿರುತ್ತದೆ. ಆಫ್ ಮಾಡಿದರೆ ತಾನಾಗಿಯೇ ತೆರೆಯುತ್ತದೆ. ನಾನು ವಾಲ್ವಿನ ಸ್ವಿಚ್ಚನ್ನೂ ಕೈಯಾಡಿಸಿ ತಿರುಗಿಸಿ ಇನ್ನಷ್ಟು ಗೋಜಲು ಮಾಡಿದ್ದೆ. ಎರಡು ಪ್ಯಾಕ್ ಆಫ್ ಮಾಡಿ, ವಾಲ್ವನ್ನು ಅದರ ಪಾಡಿಗೆ ಬಿಟ್ಟಾಗ ಎರಡೂ ಮುಳ್ಳುಗಳು ಒಟ್ಟಿಗೆ ಎದ್ದು ನಿಂತವು.

ಈಗ ಎನ್2 ಸರಾಗವಾಗಿ ಏರಿತು. ಸಂತೋಷಕ್ಕೆ ತಡೆಯಲಾರದೆ ಹದಿನೈದಕ್ಕೇ ಲಿವರ್ ಎತ್ತಿಬಿಟ್ಟೆ. ಗಾಳಿ ಕಡಿಮೆ, ಎಣ್ಣೆ ಜಾಸ್ತಿ. ಶಾಖದ ಮೀಟರು ಚುನಾವಣೆ ಮರುದಿನದ ಬೆಲೆಗಳ ಹಾಗೆ ಏರಿತು. ಈ ಎಂಜಿನ್ನಿಗೆ ಸ್ಟಾರ್ಟಿನ ಹೊತ್ತಿನ ಮಿತಿ 725 ಡಿಗ್ರಿ ಸೆಲ್ಸಿಯಸ್, ದಾಟಿದರೆ ಕೆಂಪು. ದಾಟಿತು. ಇದನ್ನು ಹಾಟ್ ಸ್ಟಾರ್ಟ್ ಅನ್ನುತ್ತಾರೆ. ನಿಜವಾದ ವಿಮಾನದಲ್ಲಿ ಎಂಜಿನ್ ಬಿಚ್ಚಿ ನೋಡಬೇಕಾಗಬಹುದು, ಕೋಟಿಗಳ ಮಾತು. ನನಗೆ ಆದ ನಷ್ಟ ಮರ್ಯಾದೆಯೊಂದೇ, ಅದೂ ಹಳೆಯದು.

ಸಮಾಧಾನಕ್ಕೆ ಒಂದು ಚರಿತ್ರೆ ಓದಿಕೊಂಡೆ. ಜೆಟ್ ಎಂಜಿನ್ನಿನ ಪಿತಾಮಹರಲ್ಲಿ ಒಬ್ಬನಾದ ಫ್ರಾಂಕ್ ವಿಟ್ಲ್ ಇಂಗ್ಲೆಂಡಿನ ರಗ್ಬಿ ಊರಿನ ಕಾರ್ಖಾನೆಯಲ್ಲಿ ತನ್ನ ಎಂಜಿನ್ನನ್ನು ಮೊದಲ ಬಾರಿಗೆ ಓಡಿಸಿದ್ದು 1937ರ ಏಪ್ರಿಲ್ 12ರಂದು. ಒಳಗೆಲ್ಲೋ ಸೋರಿದ ಎಣ್ಣೆ ಮಡುಗಟ್ಟಿತ್ತು. ಎಣ್ಣೆಯ ವಾಲ್ವು ಮುಚ್ಚಿದರೂ ಎಂಜಿನ್ ನಿಲ್ಲದೆ, ಬದಲಿಗೆ ವೇಗ ಹೆಚ್ಚಿಸಿಕೊಳ್ಳುತ್ತಾ ಚೀರತೊಡಗಿತು. ಸುತ್ತ ನಿಂತಿದ್ದವರು ದಿಕ್ಕಾಪಾಲಾಗಿ ಓಡಿದರು. ಆತನದು ನಿಲ್ಲಲಿಲ್ಲ, ನನ್ನದು ಏಳಲಿಲ್ಲ. ಇಬ್ಬರದೂ ಎಂಜಿನ್ ತೊಂದರೆಯೇ ಎಂದು ಮನೆಯವಳಿಗೆ ಹೇಳಿದೆ. “ಅವ್ರಿಗೆ ಆಮೇಲೆ ಸರ್ ಅಂತ ಬಿರುದು ಕೊಟ್ರು, ನಿಮ್ಗೆ ಏನ್ ಕೊಡ್ತಾರೆ?” ಎಂದಳು. ಇವಳು ಯಾವಾಗ ಓದಿದಳೋ.

ಆ ಸಂಜೆ ಅತ್ತೆಯವರು ಮಂಡಿ ಹಿಡಿದುಕೊಂಡು ಮಹಡಿ ಹತ್ತಿದರು. ಕುರ್ಚಿ ಕೇಳಲು ಬಂದವರು ಅಳಿಯನ ಮುಖ ನೋಡಿ ಕರಗಿದರು. “ಏನಪ್ಪಾ, ಪೆಟ್ರೋಲ್ ಇದೆಯಾ ನೋಡ್ದಾ?”

ನಾನು ನಕ್ಕೆ. “ಪೆಟ್ರೋಲ್ ಅಲ್ಲ ಅತ್ತೆ. ಇದಕ್ಕೆ ಹಾಕೋದು ಸೀಮೆಎಣ್ಣೆ ಜಾತಿಯದು.”

“ಸೀಮೆಎಣ್ಣೆನಾ? ರೇಷನ್ ಅಂಗಡೀಲಿ ಕೊಡೋದು ನಿಲ್ಸಿ ಎಷ್ಟು ಕಾಲ ಆಯ್ತು. ಇವಕ್ಕೆಲ್ಲ ಎಲ್ಲಿ ಸಿಗುತ್ತೆ?”

ತಮಾಷೆಗೆಂದು ಎಣ್ಣೆಯ ಮೀಟರು ತೋರಿಸಲು ಹೋದೆ. ಎರಡೂ ರೆಕ್ಕೆಯ ಟ್ಯಾಂಕುಗಳಲ್ಲಿ ತಳ ಒದ್ದೆಯಾಗುವಷ್ಟಿತ್ತು. ತೂಕ ಕಡಿಮೆಯಿದ್ದರೆ ಚೆನ್ನಾಗಿ ಹಾರೀತೆಂದು ಹಿಂದೆ ಯಾವಾಗಲೋ ನಾನೇ ಇಳಿಸಿದ್ದೆ. ಅತ್ತೆಯವರು ಏನೂ ಹೇಳದೆ ಕುರ್ಚಿ ಎತ್ತಿಕೊಂಡು ಹೋದರು. ಉಳಿದ ತನಿಖೆಯನ್ನು ರಾಗಿ ಮೂಟೆಯ ಮೇಲೆ ಕೂತು ಮಾಡಿದೆ.

ಟ್ಯಾಂಕು ತುಂಬಿಸಿದೆ, ಪಂಪು ಹಾಕಿದೆ, ಪ್ಯಾಕ್ ಆಫ್, ಮುಳ್ಳು ಮೇಲೆ, ಎನ್2 25, ಲಿವರ್ ಎತ್ತಿದೆ. ಗುಡುಗುಡು ಸದ್ದು ಕೇಳಿತು. ಕಿಟಕಿ ಗಾಜು ಅದುರಿತು. “ಸ್ಟಾರ್ಟ್ ಆಯ್ತು!” ಎಂದು ಕೂಗಿಕೊಂಡೇ ಮೆಟ್ಟಿಲಿಳಿದು ಬಂದೆ. ಸರ್ವಿಸ್ ರಸ್ತೆಯಲ್ಲಿ ಕಬ್ಬಿಣದ ಸರಳು ತುಂಬಿದ ಲಾರಿಯೊಂದು ಗೇರು ಬದಲಿಸುತ್ತಿತ್ತು. ತುಮಕೂರು ರಸ್ತೆಯ ಪಕ್ಕ ಮನೆ ಮಾಡಿದವರು ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದ ತೀರ್ಮಾನಿಸಬಾರದು, ಮೀಟರ್ ನೋಡಬೇಕು. ಮೀಟರ್ ನೋಡಿದೆ. ಎಂಜಿನ್ ಹೊತ್ತಿಕೊಂಡದ್ದು ನಿಜ. ಹೊತ್ತಿಕೊಂಡು, ಐವತ್ತು ದಾಟಿ, ತಟ್ಟನೆ ಆರಿಹೋಗಿತ್ತು.

ಇದು ಹೊಸ ಕಾಯಿಲೆ. ಪ್ರತಿ ಸಲವೂ ಹೊತ್ತುತ್ತದೆ, ಏರುತ್ತದೆ, ಇನ್ನೇನು ನಿಂತಿತು ಎನ್ನುವಾಗ ಸಾಯುತ್ತದೆ. ಪುಸ್ತಕದಲ್ಲಿ ಇರುವುದೆಲ್ಲ ಮಾಡಿದೆ. ಇಲ್ಲದ್ದನ್ನೂ ಮಾಡಿದೆ, ಆಯುಧಪೂಜೆಯ ಕುಂಕುಮ ಕೀಬೋರ್ಡಿನ ಮೇಲೆ ಇನ್ನೂ ಇದೆ. ಅರಿಶಿನಕುಂಟೆಯಿಂದ ದೇವನಹಳ್ಳಿಗೆ ನೇರವಾಗಿ ಅಳೆದರೆ ಮೂವತ್ತು ಚಿಲ್ಲರೆ ಕಿಲೋಮೀಟರ್. ನಾನು ಈ ಒಂದು ಎಂಜಿನ್ ಮುಂದೆ ಕಳೆದ ಹೊತ್ತಿನಲ್ಲಿ ದೊಡ್ಡಬಳ್ಳಾಪುರದ ಮೇಲೆ ಬಸ್ಸಿನಲ್ಲಿ ಹೋಗಿ, ನಿಜವಾದ ವಿಮಾನ ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಗಿರ್ಮಿಟ್ ತಿಂದು ವಾಪಸ್ ಬರಬಹುದಿತ್ತು.

ಮಗ ಬಂದ. ಪಿಯುಸಿ ಓದುವವನು, ಅಪ್ಪನ ಮೇಲೆ ಕನಿಕರವಿದೆ. “ಅಪ್ಪಾ, ಕಂಟ್ರೋಲ್ ಹಿಡ್ಕೊಂಡು ಇ ಒತ್ತು, ಎಲ್ಲಾ ಅದೇ ಮಾಡ್ಕೊಳುತ್ತೆ” ಎಂದವನು ನಾನು ಬೇಡವೆನ್ನುವ ಮುಂಚೆ ಒತ್ತಿಯೂ ಬಿಟ್ಟ. ಸ್ವಿಚ್ಚುಗಳು ತಾವಾಗಿಯೇ ಕುಣಿದವು, ಎಂಜಿನ್ ಎದ್ದಿತು, ಮತ್ತು ಸತ್ತಿತು. ಮಗನ ಮುಖ ಸಣ್ಣದಾಯಿತು. ನನಗೆ ಎಂಥ ಆನಂದವಾಯಿತೆಂದು ಬರೆದರೆ ಓದುವವರು ಇವನೆಂಥ ಅಪ್ಪ ಎಂದಾರು.

ಎದುರುಮನೆ ಯಜಮಾನ್ರನ್ನು ಕರೆಯದೆ ವಿಧಿಯಿರಲಿಲ್ಲ. ಅವರು ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿದ್ದು ನಿವೃತ್ತರಾದವರು. ನ್ಯಾಟ್ ವಿಮಾನಕ್ಕೂ ಮಾರುತ್ ವಿಮಾನಕ್ಕೂ ಹಾಕುತ್ತಿದ್ದ ಆರ್ಫಿಯಸ್ ಎಂಜಿನ್ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ಅವರು ಕೈಗೆ ಎಣ್ಣೆ ಮೆತ್ತಿಕೊಂಡು ಕಲಿತದ್ದು ಅದರ ಮೇಲೆ. ಮೆಟ್ಟಿಲು ಹತ್ತುತ್ತಲೇ ಮಾತು ಶುರು ಮಾಡಿದರು. ಮಾರುತ್ ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ್ದು 1961ರ ಜೂನ್ 17ರಂದು, ಹಾರಿಸಿದವರು ಸುರಂಜನ್ ದಾಸ್, ಈಗ ಅವರ ಹೆಸರಿನ ರಸ್ತೆಯೇ ಇದೆ. “ವಿಮಾನದ ವಿನ್ಯಾಸ ಟ್ಯಾಂಕ್ ಸಾಹೇಬ್ರದ್ದು. ಜರ್ಮನಿಯವ್ರು. ನಾನು ಸೇರೋ ಹೊತ್ತಿಗೆ ಅವ್ರು ವಾಪಸ್ ಹೋಗಿದ್ರು, ಆದ್ರೆ ಶಾಪಿನಲ್ಲಿ ದಿನಾ ಟ್ಯಾಂಕ್ ಮಾತೇ ಮಾತು, ಟ್ಯಾಂಕ್ ಅಂದ್ರೆ ಟ್ಯಾಂಕ್...”

ಕೆಳಗಿನಿಂದ ಮನೆಯವಳು ಕೂಗಿದಳು. “ಟ್ಯಾಂಕ್ ತುಂಬಿತೇನ್ರೀ? ಮೋಟರ್ ಆಫ್ ಮಾಡಿ, ನೀರು ಪೋಲಾಗುತ್ತೆ!”

ಯಜಮಾನ್ರು ರಾಗಿ ಮೂಟೆಯ ಮೇಲೆ ಕೂತರು. “ಮಾಡಪ್ಪಾ ಕ್ಯಾಪ್ಟನ್, ನೋಡೋಣ.” ಮಾಡಿದೆ. ಎದ್ದಿತು, ಸತ್ತಿತು. ಇನ್ನೊಮ್ಮೆ ಮಾಡು ಎಂದರು. ಈ ಸಲ ಎಣ್ಣೆ ಹರಿಯುವ ಮೀಟರಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಎನ್2 ಇಳಿಯುವುದಕ್ಕೆ ಕಣ್ಣು ಮಿಟುಕಿಸುವಷ್ಟು ಮುಂಚೆ ಆ ಮೀಟರು ಸೊನ್ನೆಯಾಯಿತು.

“ನಿನ್ನ ಎಂಜಿನ್ ಸಾಯ್ತಿಲ್ಲ ಕಣಪ್ಪ. ಯಾರೋ ಕೊಲ್ತಿದ್ದಾರೆ.”

“ಯಾರು ಯಜಮಾನ್ರೇ?”

“ಎಣ್ಣೆ ಮೇಲೆ ಕೈ ಇರೋದು ಯಾರ್ದು?”

ನನ್ನದು. ಅಂದರೆ ಮೇಜಿನ ಮೇಲೆ ಕ್ಲಾಂಪು ಹಾಕಿ ಕೂರಿಸಿದ್ದ ಪ್ಲಾಸ್ಟಿಕ್ ಲಿವರುಗಳ ಪೆಟ್ಟಿಗೆಯ ಮೇಲೆ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಹುಡುಕಿ, ಚೌಕಾಸಿ ಮಾಡಿ, ಮನೆಯಲ್ಲಿ ನಿಜವಾದ ಬೆಲೆಯ ಅರ್ಧ ಹೇಳಿ ತಂದದ್ದು. ಇದರ ಒಳಗೆ ರೇಡಿಯೋದ ವಾಲ್ಯೂಮ್ ತಿರುಪಿನಂಥದೇ ಒಂದು ಬಿಡಿಭಾಗವಿದೆ. ಲಿವರ್ ಎಲ್ಲಿದೆ ಎಂಬುದನ್ನು ಅದು ಅಂಕಿಯಾಗಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಒಂದು ಗಡಿ ದಾಟಿದರೆ ಎಣ್ಣೆ ಬಿಡು, ದಾಟದಿದ್ದರೆ ಎಣ್ಣೆ ನಿಲ್ಲಿಸು. ಬೇರೆಯವರು ಆ ಗಡಿಯನ್ನು ನಡುವಿಗೆ ಇಡುತ್ತಾರೆ. ಎಲ್ಲ ಬಿಗಿಯಾಗಿರಲಿ ಎಂಬ ಶಿಸ್ತಿನಿಂದ ನಾನು ಮೇಲ್ತುದಿಗೇ ಇಟ್ಟಿದ್ದೆ. ಸೆಟ್ಟಿಂಗ್ಸ್ ತೆರೆದು ಲಿವರನ್ನು ಪೂರ್ತಿ ಎತ್ತಿದರೆ 100 ಬರಬೇಕು. ಬಂದದ್ದು 96. ಕೈ ಬಿಟ್ಟರೂ ಅಂಕಿ ಸುಮ್ಮನಿರಲಿಲ್ಲ: 96, 95, 96, 94, 96. ನಾನಿಟ್ಟ ಗಡಿ 95. ಅಂಕಿ ಒಂದು ಸಲ ಕೆಳಗೆ ಹಣಿಕಿದರೆ ಸಾಕು, ಎಣ್ಣೆ ಬಂದ್, ಬೆಂಕಿ ನಂದುತ್ತದೆ. ಆಮೇಲೆ ಅಂಕಿ ಮತ್ತೆ ಮೇಲೆ ಬಂದು ಎಣ್ಣೆ ಸುರಿದು ಏನು ಬಂತು.

“ಮೇಲಕ್ಕೆ ಪೂರ್ತಿ ಯಾಕೆ ಹೋಗ್ತಿಲ್ಲ?” ಯಜಮಾನ್ರು ಕನ್ನಡಕ ಹಣೆಗೇರಿಸಿ, ಮೊಬೈಲಿನ ಟಾರ್ಚು ಹಚ್ಚಿ, ಲಿವರಿನ ಸೀಳಿನೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮನೆಯವಳನ್ನು ಕರೆದು ಸೇಫ್ಟಿ ಪಿನ್ನು ಕೇಳಿದರು. ಅವಳು ಬಳೆಯಿಂದ ಬಿಚ್ಚಿ ಕೊಟ್ಟಳು. ಸೀಳಿನ ಮೇಲ್ತುದಿಯಿಂದ ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಪಿನ್ನಿನ ಮೊನೆಗೆ ಚುಚ್ಚಿಕೊಂಡು ಬಂದದ್ದು ಒಂದು ಕಾಳು ಕಡ್ಲೆಪುರಿ. ಖಾರ ಹಾಕಿದ್ದು. ಒಗ್ಗರಣೆಯ ಅರಿಶಿನ ಇನ್ನೂ ಮಾಸಿರಲಿಲ್ಲ.

ರೂಮಿನಲ್ಲಿ ಮಾತಿಲ್ಲ. ರಾತ್ರಿ ಹೊತ್ತು ಕಾಕ್‌ಪಿಟ್ಟಿನಲ್ಲಿ ಕಡ್ಲೆಪುರಿ ಮೆಲ್ಲುವ ಕ್ಯಾಪ್ಟನ್ ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. “ಎಚ್‌ಎಎಲ್‌ನಲ್ಲಿ ಎಂಜಿನ್ ಹತ್ರ ಜೇಬಲ್ಲಿ ಒಂದು ಪೆನ್ನೂ ಇಟ್ಕೊಳೋಕೆ ಬಿಡ್ತಿರ್ಲಿಲ್ಲ” ಎಂದಷ್ಟೇ ಯಜಮಾನ್ರು ಹೇಳಿದರು. ಹೊರಗಿನ ವಸ್ತುವೊಂದು ಒಳಗೆ ಬಿದ್ದು ಎಂಜಿನ್ ಹಾಳಾಗುವುದಕ್ಕೆ ಅವರ ಕಸುಬಿನಲ್ಲಿ ‘ಎಫ್‌ಒಡಿ’ ಎನ್ನುತ್ತಾರೆ. ಅದನ್ನು ತಪ್ಪಿಸಲು ಏರ್‌ಪೋರ್ಟುಗಳಲ್ಲಿ ದಿನವೂ ರನ್‌ವೇ ಮೇಲೆ ಜನ ಓಡಾಡಿ ಕಲ್ಲು, ಮೊಳೆ, ತಿರುಪು ಹೆಕ್ಕುತ್ತಾರೆ. ಬೀಳುವ ವಸ್ತುಗಳ ಆ ಪಟ್ಟಿಯಲ್ಲಿ ಕಡ್ಲೆಪುರಿ ಇದ್ದರೆ ಅದಕ್ಕೆ ಕಾರಣ ನಾನೊಬ್ಬನೇ ಇರಬೇಕು.

ಗಡಿಯನ್ನು ನಡುವಿಗೆ ಇಳಿಸಿದೆವು. ಎಂಜಿನ್ 2 ಎದ್ದಿತು, ನಿಂತಿತು. ಎಂಜಿನ್ 1 ಎದ್ದಿತು, ಅದೂ ನಿಂತಿತು. ಲಾರಿಯಲ್ಲ, ನಮ್ಮದೇ ಸದ್ದು. ಮಗ ಚಪ್ಪಾಳೆ ತಟ್ಟಿದ. ಅತ್ತೆಯವರು ಕೆಳಗಿನಿಂದ ಏನಾಯ್ತು ಎಂದು ಕೇಳಿದರು. ಯಜಮಾನ್ರು ಪರದೆಯನ್ನೇ ನೋಡುತ್ತಿದ್ದರು. ವಿಮಾನದ ಮೂತಿ ಟರ್ಮಿನಲ್ಲಿನ ಗಾಜಿನ ಗೋಡೆಗೆ ಎದುರಾಗಿ ನಿಂತಿತ್ತು.

“ಇದನ್ನ ಹಿಂದಕ್ಕೆ ತಳ್ಳೋ ಟ್ರ್ಯಾಕ್ಟರ್ ಯಾವ ಸ್ವಿಚ್ಚಿನಲ್ಲಿ ಬರುತ್ತಪ್ಪ?”

ಆ ಅಧ್ಯಾಯ ಇನ್ನೂ ಓದಿಲ್ಲ. ಅದು ಓದುವ ತನಕ ವಿಮಾನ ದೇವನಹಳ್ಳಿಯಲ್ಲೇ ಇರುತ್ತದೆ, ಎರಡೂ ಎಂಜಿನ್ ಓಡುತ್ತಾ.

ನಿಮ್ಮಲ್ಲೂ ಯಾರಾದರೂ ಮನೆಯಲ್ಲಿ ಜೆಟ್ ಇಟ್ಟುಕೊಂಡಿದ್ದು, ಅದು ಏಳದೆ ಸತಾಯಿಸುತ್ತಿದ್ದರೆ ನನ್ನದೊಂದು ವಿನಂತಿ. ಪುಸ್ತಕವನ್ನು ಬ್ಯಾಟರಿ ಹಾಕುವ ಮುಂಚೆ ಓದಿ. ಏಸಿ ಆಫ್ ಮಾಡಿ, ಡಕ್ಟಿನ ಮುಳ್ಳು ನೋಡಿ, ಟ್ಯಾಂಕಿನಲ್ಲಿ ಎಣ್ಣೆ ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿ. ಎಲ್ಲ ಸರಿಯಿದ್ದೂ ಹೊತ್ತಿಕೊಂಡು ಆರುತ್ತಿದ್ದರೆ ವಿಮಾನ ಮಾಡಿದವರನ್ನು ಬೈಯಬೇಡಿ. ಲಿವರಿನ ಪೆಟ್ಟಿಗೆ ಬಿಚ್ಚಿಕೊಂಡು ಮಹಡಿಯ ಅಂಚಿಗೆ ಹೋಗಿ, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ತಲೆಕೆಳಗು ಮಾಡಿ ಚೆನ್ನಾಗಿ ಕೊಡವಿ.